ಫೈಲು ಬಂತು, ಕನ್ನಡ ಬರಲಿಲ್ಲ

ಮಕ್ಕಳೇ, ಇವತ್ತು ನಾವು ಚಿಕ್ಕಮಗಳೂರು ಜಿಲ್ಲೆ ಅನ್ನುತ್ತೇವಲ್ಲ, ನಿಮ್ಮ ಮುತ್ತಜ್ಜನ ಕಾಲದಲ್ಲಿ ಅದನ್ನು ಕಡೂರು ಜಿಲ್ಲೆ ಅನ್ನುತ್ತಿದ್ದರು. ಜಿಲ್ಲೆಯ ಕಚೇರಿ 1860ರ ದಶಕದಲ್ಲೇ ಕಡೂರು ಬಿಟ್ಟು ಚಿಕ್ಕಮಗಳೂರಿಗೆ ಹೋಗಿತ್ತು. ಹೆಸರು ಮಾತ್ರ 1947ರವರೆಗೂ ಹಳೆಯದೇ ಉಳಿಯಿತು. ಈಚಿನ ವರ್ಷಗಳಲ್ಲಿ ಅಜ್ಜಂಪುರ ತರೀಕೆರೆಯಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾಯಿತು. ಕಚೇರಿಯೊಂದು ಹೀಗೆ ಜಾಗ ಬದಲಾಯಿಸುವಾಗ ಮೇಜು, ಕುರ್ಚಿ, ಬೀರುಗಳನ್ನು ಲಾರಿಗೆ ಹಾಕಿ ಕಳಿಸಿದರೆ ಕೆಲಸ ಮುಗಿಯುವುದಿಲ್ಲ. ಹೊಸ ಮೊಹರು ಮಾಡಿಸಬೇಕು. ಅಂಚೆಯವರಿಗೆ, ಖಜಾನೆಗೆ, ಬ್ಯಾಂಕಿಗೆ ಹೊಸ ವಿಳಾಸ ತಿಳಿಸಬೇಕು. ಅದಾಗದೆ ಬೀರು ಎಷ್ಟು ಭದ್ರವಾಗಿ ಬಂದು ಕೂತರೂ ಆ ಕಚೇರಿಯಲ್ಲಿ ಒಂದು ಅರ್ಜಿಯೂ ಮುಂದಕ್ಕೆ ಹೋಗದು.

ಕಂಪ್ಯೂಟರಿನ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಹೊಸದನ್ನು ಹಾಕುವಾಗ ಪತ್ರ ಬರೆಯುವ, ಲೆಕ್ಕ ಇಡುವ ಸಾಫ್ಟ್‌ವೇರ್‌ಗಳ ಪಾಡೂ ಇದೇ. ಅದು ಯಾಕೆ ಹಾಗೆ ಅನ್ನುವುದನ್ನು ನೋಡೋಣ.

ಮೊದಲು ಡಿಸ್ಕಿನ ಒಳಗೆ ಇಣುಕೋಣ. ಹಳೆಯ ಮಾದರಿಯ ಹಾರ್ಡ್ ಡಿಸ್ಕಿನಲ್ಲಿ ಕನ್ನಡಿಯಂತೆ ಹೊಳೆಯುವ ದುಂಡು ತಟ್ಟೆಗಳಿರುತ್ತವೆ. ಅವುಗಳ ಮೈಗೆ ಕಾಂತಗುಣದ ತೆಳು ಲೇಪವಿದೆ. ಲೇಪದ ಸಣ್ಣ ಸಣ್ಣ ಚುಕ್ಕೆಗಳನ್ನು ಒಂದು ದಿಕ್ಕಿಗೋ ಅದರ ಎದುರು ದಿಕ್ಕಿಗೋ ಕಾಂತವಾಗಿಸಿ ಸೊನ್ನೆ ಮತ್ತು ಒಂದುಗಳನ್ನು ಬರೆದಿಡುತ್ತಾರೆ. ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ ಎಂದುಕೊಳ್ಳಿ, ಅಂದರೆ ಸೆಕೆಂಡಿಗೆ 120 ಸುತ್ತು. ಓದುವ ತಲೆ ತಟ್ಟೆಯನ್ನು ಮುಟ್ಟುವುದೇ ಇಲ್ಲ, ಅದರ ಮೇಲೆ ತೇಲುತ್ತದೆ. ನಡುವಿನ ಸಂದು ನಮ್ಮ ತಲೆಗೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ! ಆದ್ದರಿಂದಲೇ ಕೆಲಸ ಮಾಡುತ್ತಿರುವ ಕಂಪ್ಯೂಟರನ್ನು ಕುಲುಕಬೇಡಿ ಎಂದು ನಿಮ್ಮ ಮೇಷ್ಟ್ರು ಹೇಳುವುದು.

1956ರಲ್ಲಿ ಐಬಿಎಂ ಕಂಪನಿ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಅಷ್ಟು ದೊಡ್ಡ ಯಂತ್ರದಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ನಿಮ್ಮ ಮನೆಯ ಫೋನಿನಲ್ಲಿ ತೆಗೆದ ಒಂದೆರಡು ಫೋಟೋಗೆ ಅಷ್ಟು ಜಾಗ ಬೇಕಾಗುತ್ತದೆ.

ಈಗಿನ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕಿನಲ್ಲಿ ತಟ್ಟೆಯೂ ಇಲ್ಲ, ತಿರುಗುವುದೂ ಇಲ್ಲ. ಸಿಲಿಕಾನ್ ಚಿಪ್ಪಿನ ಪುಟ್ಟ ಕೋಶಗಳಲ್ಲಿ ವಿದ್ಯುತ್ ಕಣಗಳನ್ನು ಕೂಡಿಹಾಕಿ ನೆನಪು ಇಡುತ್ತಾರೆ. ತಟ್ಟೆಯ ಡಿಸ್ಕಿನಲ್ಲಿ ಬೇಕಾದ ಜಾಗ ಓದುವ ತಲೆಯ ಕೆಳಗೆ ಬರುವವರೆಗೆ ಕಾಯಬೇಕು. ಚಿಪ್ಪಿನಲ್ಲಿ ಆ ಕಾಯುವ ಕೆಲಸವೇ ಇಲ್ಲ. ಹಳೆಯ ಕಂಪ್ಯೂಟರಿಗೂ ಎಸ್‌ಎಸ್‌ಡಿ ಹಾಕಿದ ಕೂಡಲೇ ಓಟ ಬರುವುದು ಇದರಿಂದಲೇ. ಪೇಟೆಯ ಡಿಟಿಪಿ ಅಂಗಡಿಗಳಲ್ಲಿ, ಶಾಲೆಯ ಕಚೇರಿಗಳಲ್ಲಿ ಈಗ ಡಿಸ್ಕ್ ಬದಲಾಯಿಸುವವರು ಹೆಚ್ಚಾಗಿರುವುದಕ್ಕೂ ಇದೇ ಕಾರಣ.

ಸರಿ, ಹೊಸ ಡಿಸ್ಕ್ ಬಂತು. ಹಳೆಯದರಿಂದ ನಿಮ್ಮ ಫೋಟೋ, ಹಾಡು, ಅಂಕಪಟ್ಟಿಯ ಫೈಲುಗಳನ್ನು ಕಾಪಿ ಮಾಡಿ ಇದಕ್ಕೆ ಹಾಕಿದಿರಿ. ಎಲ್ಲವೂ ಚೆನ್ನಾಗಿ ತೆರೆದುಕೊಂಡವು. ಅದೇ ಉತ್ಸಾಹದಲ್ಲಿ ಆಫೀಸ್ ಸಾಫ್ಟ್‌ವೇರ್ ಇರುವ ಫೋಲ್ಡರನ್ನೂ ಕಾಪಿ ಮಾಡಿದಿರಿ. ಅದು ಮಾತ್ರ ತೆರೆದುಕೊಳ್ಳಲಿಲ್ಲ, ಏನೋ ಇಲ್ಲ ಎಂದು ದೂರು ಹೇಳಿತು.

ಇಲ್ಲದಿರುವುದು ಏನು? ಫೋಟೋ ಒಂದು ಫೈಲಿನೊಳಗೆ ಪೂರ್ತಿಯಾಗಿ ಇರುತ್ತದೆ. ಸಾಫ್ಟ್‌ವೇರ್ ಹಾಗಲ್ಲ. ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಅದನ್ನು ಇನ್‌ಸ್ಟಾಲ್ ಮಾಡುವಾಗ ಅದರ ಮುಖ್ಯ ಭಾಗ ಒಂದು ಫೋಲ್ಡರಿಗೆ ಹೋಗುತ್ತದೆ, ನಿಮ್ಮ ಇಷ್ಟದ ಸೆಟ್ಟಿಂಗ್‌ಗಳು ಇನ್ನೊಂದಕ್ಕೆ, ಫಾಂಟುಗಳು ಮತ್ತೊಂದಕ್ಕೆ. ಹಲವು ಸಾಫ್ಟ್‌ವೇರ್‌ಗಳು ಹಂಚಿಕೊಂಡು ಬಳಸುವ ತುಣುಕುಗಳು ವಿಂಡೋಸಿನ ಸ್ವಂತ ಜಾಗದಲ್ಲಿ ಕೂರುತ್ತವೆ. ಯಾವುದು ಎಲ್ಲಿದೆ, ಯಾವ ಬಗೆಯ ಫೈಲನ್ನು ಯಾರು ತೆರೆಯಬೇಕು ಎಂಬುದೆಲ್ಲ ರಿಜಿಸ್ಟ್ರಿ ಎಂಬ ದಾಖಲೆಯಲ್ಲಿ ಬರೆದಿರುತ್ತದೆ. ನೀವು ಕಾಪಿ ಮಾಡಿದ್ದು ಬೀರು ಮಾತ್ರ. ಮೊಹರು, ವಿಳಾಸ, ಖಜಾನೆಯ ಪತ್ರ ಎಲ್ಲ ಹಳೆಯ ಡಿಸ್ಕಿನಲ್ಲೇ ಉಳಿದವು.

ಇದಕ್ಕೆ ದಾರಿ ಎರಡು. ಹೊಸ ಡಿಸ್ಕಿಗೆ ವಿಂಡೋಸನ್ನೂ ಸಾಫ್ಟ್‌ವೇರನ್ನೂ ಮೊದಲಿಂದ ಇನ್‌ಸ್ಟಾಲ್ ಮಾಡಿ, ಆಮೇಲೆ ಫೈಲುಗಳನ್ನು ತಂದು ಹಾಕುವುದು ಒಂದು. ಹಳೆಯ ಡಿಸ್ಕಿನಲ್ಲಿ ವೈರಸ್ಸು, ಕಸ ತುಂಬಿದ್ದರೆ ಇದೇ ಒಳ್ಳೆಯದು. ಎರಡನೆಯದು ಕ್ಲೋನಿಂಗ್. ಕಂಪ್ಯೂಟರ್ ಶುರುವಾಗಲು ಬೇಕಾದ, ನಮ್ಮ ಕಣ್ಣಿಗೆ ಕಾಣದ ಭಾಗವೂ ಸೇರಿದಂತೆ ಹಳೆಯ ಡಿಸ್ಕಿನಲ್ಲಿ ಇರುವುದನ್ನೆಲ್ಲ ಇದ್ದ ಹಾಗೆಯೇ ಹೊಸದಕ್ಕೆ ಇಳಿಸುವುದು. ಆಗ ಎಲ್ಲ ವಿಳಾಸಗಳೂ ಸರಿಯಾಗಿಯೇ ಇರುತ್ತವೆ. ಕೆಲವು ಗಂಟೆ ಹಿಡಿಯುವ ಕೆಲಸ ಇದು. ನಡುವೆ ಕರೆಂಟ್ ಹೋದರೆ ಮೊದಲಿಂದ ಮಾಡಬೇಕಾದೀತು, ಹಾಗಾಗಿ ತರೀಕೆರೆ ಕಡೆಯ ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಇದಕ್ಕೆ ಕೈಹಾಕದಿರುವುದೇ ವಾಸಿ.

ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್ ಆದರೆ ಲೈಸೆನ್ಸ್ ಕೇಳುತ್ತದೆ, ಅದರ ಕೀ ಅಥವಾ ಖಾತೆಯ ವಿವರವನ್ನು ದೊಡ್ಡವರು ಮೊದಲೇ ಬರೆದಿಟ್ಟುಕೊಂಡಿರಬೇಕು. ಲಿಬ್ರೆ ಆಫೀಸ್‌ನಂಥ ಮುಕ್ತ ತಂತ್ರಾಂಶಕ್ಕೆ ಈ ತಾಪತ್ರಯವಿಲ್ಲ. ಶಾಲೆಗಳಿಗೆ ನಾನು ಅದನ್ನೇ ಸೂಚಿಸುತ್ತೇನೆ.

ಈಗ ನಮ್ಮ ನಾಡಿಗೇ ಸೇರಿದ ಸಂಗತಿಗೆ ಬರೋಣ. ಎಷ್ಟೋ ಕಚೇರಿಗಳಲ್ಲಿ ಡಿಸ್ಕ್ ಬದಲಾಯಿಸಿದ ಮೇಲೆ ಹಳೆಯ ಪತ್ರವೊಂದನ್ನು ತೆರೆದರೆ ಅಲ್ಲಿ ಕನ್ನಡವೇ ಇರುವುದಿಲ್ಲ. ಇಂಗ್ಲಿಷಿನ ಪಿ, ಕ್ಯೂ ಅಕ್ಷರಗಳು, ನೆತ್ತಿಯ ಮೇಲೆ ಓರೆಗೆರೆ ಹೊತ್ತ ಎ, ಇಂಗ್ಲೆಂಡಿನ ಪೌಂಡ್ ಗುರುತು ಎಲ್ಲ ಸಾಲಾಗಿ ನಿಂತಿರುತ್ತವೆ. ಫೈಲು ಕೆಟ್ಟಿತು ಎಂದು ಗಾಬರಿಯಾಗಿ ಅಳಿಸಿದವರೂ ಇದ್ದಾರೆ. ಫೈಲು ಕೆಟ್ಟಿಲ್ಲ, ಮಕ್ಕಳೇ! ಅದರಲ್ಲಿ ಒಂದು ಚುಕ್ಕೆಯೂ ಕಳೆದಿಲ್ಲ.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಗೊತ್ತು. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬುದು ಮನುಷ್ಯರು ಮಾಡಿಕೊಂಡ ಒಪ್ಪಂದ. ಹಿಂದೆ ಈ ಒಪ್ಪಂದದಲ್ಲಿ ಒಟ್ಟು 256 ಸ್ಥಾನಗಳಷ್ಟೇ ಇದ್ದವು, ಅವೆಲ್ಲ ಇಂಗ್ಲಿಷಿಗೂ ಯೂರೋಪಿನ ಭಾಷೆಗಳಿಗೂ ಹೋಗಿದ್ದವು. ಆಗ ಕನ್ನಡದ ತಂತ್ರಜ್ಞರು ಜಾಣ ಉಪಾಯ ಮಾಡಿದರು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಫಾಂಟುಗಳನ್ನೇ ತೆಗೆದುಕೊಳ್ಳಿ. ಅವು ಅದೇ ಸ್ಥಾನಗಳಲ್ಲಿ ಕನ್ನಡದ ಅಕ್ಷರಭಾಗಗಳ ಚಿತ್ರಗಳನ್ನು ಕೂರಿಸಿದವು. ಆ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದರೆ ಡಿಸ್ಕಿನಲ್ಲಿ ಸೇರುವುದು 80, 192, 163, 192, 223, 113, 192 ಎಂಬ ಏಳು ಸಂಖ್ಯೆಗಳು. 80 ಅಂದರೆ ಇಂಗ್ಲಿಷಿನ ಪಿ, 163 ಅಂದರೆ ಪೌಂಡ್ ಗುರುತು. ನುಡಿ ಫಾಂಟು ಇದ್ದರೆ 80 ಮತ್ತು 192 ಸೇರಿ ‘ಕ’ ಆಗಿ ಕಾಣುತ್ತದೆ. ಫಾಂಟು ಹಳೆಯ ಡಿಸ್ಕಿನಲ್ಲೇ ಉಳಿದುಬಿಟ್ಟಿದ್ದರೆ, ಪಾಪ, ಕಂಪ್ಯೂಟರ್ ತನಗೆ ತಿಳಿದ ಒಪ್ಪಂದದಂತೆ ಪಿ ಎಂದೇ ತೋರಿಸುತ್ತದೆ. ಹೊಸ ಡಿಸ್ಕಿಗೆ ಆ ಫಾಂಟನ್ನು ಹಾಕಿ ನೋಡಿ, ಪತ್ರದಲ್ಲಿ ಕನ್ನಡ ಮತ್ತೆ ಮೂಡುತ್ತದೆ.

ಯೂನಿಕೋಡ್ ಎಂಬ ಹೊಸ ಒಪ್ಪಂದ ಬಂದ ಮೇಲೆ ಕನ್ನಡಕ್ಕೆ ಯಾರ ಜಾಗವನ್ನೂ ಎರವಲು ಪಡೆಯುವ ಅಗತ್ಯ ಉಳಿಯಲಿಲ್ಲ. ಅಲ್ಲಿ ಕ ಅಂದರೆ 3221. ಇಡೀ ಜಗತ್ತಿನಲ್ಲಿ ಆ ಸಂಖ್ಯೆ ಕ ಒಂದಕ್ಕೇ ಮೀಸಲು. ‘ಕನ್ನಡ’ ಎಂಬ ಪದಕ್ಕೆ ಐದು ಸಂಖ್ಯೆ: 3221, 3240, 3277, 3240, 3233. ನಡುವಿನ 3277 ಅರ್ಧಾಕ್ಷರ ಮಾಡುವ ಗುರುತು, ಅದರ ಎರಡೂ ಪಕ್ಕದಲ್ಲಿರುವ 3240 ನಮ್ಮ ನ. ಈ ಬರಹವನ್ನು ಜಪಾನಿನ ಕಂಪ್ಯೂಟರಿಗೆ ಕಳಿಸಿದರೂ, ಅಲ್ಲಿ ಕನ್ನಡದ ಯಾವುದೇ ಯೂನಿಕೋಡ್ ಫಾಂಟು ಇದ್ದರೆ ಸಾಕು, ಕನ್ನಡವಾಗಿಯೇ ಕಾಣುತ್ತದೆ. ಹೊಸ ನುಡಿಯೂ ಯೂನಿಕೋಡಿನಲ್ಲಿ ಬರೆಯುತ್ತದೆ, ಹಳೆಯ ಫೈಲುಗಳನ್ನು ಯೂನಿಕೋಡಿಗೆ ಬದಲಾಯಿಸುವ ಸಾಧನಗಳೂ ಇವೆ. ಡಿಸ್ಕ್ ಬದಲಾಯಿಸುವ ದಿನವೇ ಆ ಕೆಲಸವನ್ನೂ ಮುಗಿಸಿಬಿಟ್ಟರೆ ಮುಂದಿನ ಸಲ ಯಾರೂ ಫಾಂಟು ಹುಡುಕಿಕೊಂಡು ಅಲೆಯಬೇಕಿಲ್ಲ. ನಮ್ಮ ಊರುಗಳ ಸಂಘ-ಸಂಸ್ಥೆಗಳ ನಡಾವಳಿ, ಜಾತ್ರೆಯ ಕರಪತ್ರ, ಶಾಲೆಯ ವಾರ್ಷಿಕ ಸಂಚಿಕೆ ಎಷ್ಟೋ ಹೀಗೆ ಹಳೆಯ ಡಿಸ್ಕುಗಳಲ್ಲಿ ಬಿದ್ದಿವೆ. ಅವನ್ನು ಓದಬಲ್ಲವರು ಇರುವಾಗಲೇ ಈ ಕಡೆಗೆ ದಾಟಿಸಬೇಕು ಎಂಬುದು ನನ್ನ ಆಸೆ.

ಎಲ್ಲ ಸಾಗಿಸಿದ ಮೇಲೂ ಹಳೆಯ ಡಿಸ್ಕನ್ನು ಕೂಡಲೇ ಗುಜರಿಗೆ ಕೊಡಬಾರದು. ಕೆಲವು ವಾರ ಹಾಗೇ ಇಟ್ಟು, ಒಂದೊಂದೇ ಫೈಲು ತೆರೆದು ನೋಡಬೇಕು. ಕೊಡುವ ಮುಂಚೆ ಪೂರ್ತಿ ಅಳಿಸಲೂ ಬೇಕು. ಬರೀ ಡಿಲೀಟ್ ಒತ್ತಿದರೆ ತಟ್ಟೆಯ ಡಿಸ್ಕಿನಲ್ಲಿ ಫೈಲಿನ ಹೆಸರು ಪಟ್ಟಿಯಿಂದ ಹೋಗುತ್ತದೆ ಅಷ್ಟೆ, ಅದರ ಮೇಲೆ ಬೇರೆ ಬರಹ ಬೀಳುವವರೆಗೆ ಒಳಗಿನ ಸಂಖ್ಯೆಗಳು ಇದ್ದಲ್ಲೇ ಇರುತ್ತವೆ.

ಸಂಖ್ಯೆಗಳನ್ನು ನೀವೇ ಎಣಿಸಿ ನೋಡಬೇಕೆ? ಶಾಲೆಯ ಕಂಪ್ಯೂಟರಿನಲ್ಲಿ ನೋಟ್‌ಪ್ಯಾಡ್ ತೆರೆದು ಯೂನಿಕೋಡಿನಲ್ಲಿ ‘ಕಡೂರು’ ಎಂದಷ್ಟೇ ಬರೆಯಿರಿ. ಯುಟಿಎಫ್-8 ಎಂಬ ಬಗೆಯಲ್ಲಿ ಸೇವ್ ಮಾಡಿ. ಆ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ನೋಡಿದರೆ ಗಾತ್ರ 15 ಬೈಟ್ ಎಂದಿರುತ್ತದೆ. ಕ, ಡ, ಅದರ ದೀರ್ಘ ಊಕಾರ, ರ, ಅದರ ಉಕಾರ, ಹೀಗೆ ಐದು ಸಂಖ್ಯೆ, ಒಂದೊಂದಕ್ಕೂ ಮೂರು ಬೈಟ್. ‘ತರೀಕೆರೆ’ಗೆ 21 ಬರುತ್ತದೆ. ‘ಅಜ್ಜಂಪುರ’ಕ್ಕೆ ಒತ್ತಕ್ಷರದ ಗುರುತೂ ಸೊನ್ನೆಯೂ ಸೇರಿ 24. ಬೀರೂರಿನವರು ತಮ್ಮ ಊರಿನದನ್ನು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ, ಆಮೇಲೆ ಕಂಪ್ಯೂಟರಿನಲ್ಲಿ ಸರಿನೋಡಿ.