ನಿತ್ಯಜೀವನದಲ್ಲಿ ಅವ್ಯವಸ್ಥೆ: ಕಾರಣ ಮತ್ತು ಪರಿಹಾರ

(ಡೊಂಬಿವಲಿಯಲ್ಲಿ ಸೇರಿದ ಸದಸ್ಯರ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಪಗಾರದ ಪ್ರಶ್ನೆ, ವಸತಿಯ ಪ್ರಶ್ನೆ, ಮಕ್ಕಳ ಕನ್ನಡದ ಪ್ರಶ್ನೆ, ಇವುಗಳನ್ನು ಕುರಿತು ನಾವು ಹಲವು ಸಲ ಮಾತನಾಡಿದ್ದೇವೆ. ಇಂದು ಎತ್ತಿಕೊಂಡಿರುವ ವಿಷಯ ಮೇಲುನೋಟಕ್ಕೆ ಬಹಳ ಸಣ್ಣದು. ಡ್ಯೂಟಿಗೆ ಹೊರಡುವ ಹೊತ್ತಿಗೆ ರೈಲಿನ ಪಾಸು ಸಿಕ್ಕುವುದಿಲ್ಲ. ಲೈಟಿನ ಬಿಲ್ಲಿಗೆ ಹಣವಿದ್ದರೂ ಕಟ್ಟುವ ತಾರೀಖು ಮರೆತುಹೋಗುತ್ತದೆ. ಮಗನ ಶಾಲೆಯಲ್ಲಿ ಜನನ ಪತ್ರ ಕೇಳಿದರೆ ಮನೆಯೆಲ್ಲ ತಲೆಕೆಳಗಾಗುತ್ತದೆ. ಇದು ಒಂದು ದಿನದ ಮಾತಾದರೆ ಭಾಷಣ ಬೇಕಿರಲಿಲ್ಲ. ಆದರೆ ವರುಷಗಟ್ಟಲೆ ಇದೇ ಪಾಡಾದರೆ ಅದು ಬದುಕನ್ನೇ ತಿನ್ನುತ್ತದೆ.

ಸಣ್ಣ ವಿಷಯವೆಂದು ನಗಬೇಡಿರಿ. ಕೆಲವು ವರ್ಷಗಳ ಹಿಂದೆ ಕಲ್ಯಾಣದಲ್ಲಿದ್ದ ನಮ್ಮ ಸದಸ್ಯರೊಬ್ಬರು ಹಠಾತ್ತನೆ ತೀರಿಕೊಂಡರು. ಮೂವತ್ತು ವರ್ಷ ದುಡಿದವರು. ಮೊದಲು ಹೋಟೆಲು, ಅನಂತರ ಎರಡು ಕಾರಖಾನೆ. ಅವರ ಪ್ರಾವಿಡೆಂಟ್ ಫಂಡಿನ ಹಣಕ್ಕಾಗಿ ಅವರ ಹೆಂಡತಿಯೊಡನೆ ನಾವೂ ಓಡಾಡಿದೆವು. ಒಂದು ಕಾಗದ ಹಾಸಿಗೆಯ ಅಡಿಯಲ್ಲಿ, ಇನ್ನೊಂದು ಅಕ್ಕಿಯ ಡಬ್ಬದಲ್ಲಿ, ಮತ್ತೊಂದು ಊರಿನ ಟ್ರಂಕಿನಲ್ಲಿ. ಹಳೆಯ ಖಾತೆಯ ಸಂಖ್ಯೆ ಬರೆದಿದ್ದ ಚೀಟಿ ನಾಲ್ಕು ತಿಂಗಳ ಮೇಲೆ ಅಟ್ಟದ ಗೋಣಿಚೀಲದಲ್ಲಿ ದೊರೆಯಿತು. ಮದುವೆಗೆ ಮುಂಚೆ ಬರೆದುಕೊಟ್ಟ ನಾಮಿನಿಯ ಕಾಗದವನ್ನು ಅವರು ಬದಲಾಯಿಸಿಯೇ ಇರಲಿಲ್ಲ. ಹೆಸರಂತೂ ಮೂರು ಕಡೆ ಮೂರು ತೆರ. ಊರಿನ ಶಾಲೆಯ ಪತ್ರದಲ್ಲಿ ಮುಂದೆ ಎರಡು ಇನಿಷಿಯಲ್. ಇಲ್ಲಿಯ ಕಾಗದದಲ್ಲಿ ಅಡ್ಡಹೆಸರು ಮೊದಲು, ತಂದೆಯ ಹೆಸರು ಕೊನೆಗೆ. ಬ್ಯಾಂಕಿನಲ್ಲಿ ಬರಿಯ ಹೆಸರು. ಹಣ ಕೊನೆಗೂ ಬಂದಿತು. ಅಷ್ಟರಲ್ಲಿ ಆ ತಾಯಿಯ ಕೈಬಳೆ ಗಿರವಿಗೆ ಹೋಗಿತ್ತು, ಹಿರಿಯ ಮಗ ಕಾಲೇಜು ಬಿಟ್ಟು ಕೆಲಸಕ್ಕೆ ಸೇರಿದ್ದ. ಗಂಡ ಗಳಿಸಿಟ್ಟ ಹಣವೇ ಹೆಂಡತಿಗೆ ಹೊತ್ತಿಗೆ ಒದಗಲಿಲ್ಲ.

ಅಂದು ಮನೆಗೆ ಮರಳಿ ನಮ್ಮ ಕಪಾಟನ್ನು ತೆರೆದು ನೋಡಿದೆವು. ನಮ್ಮ ಸ್ಥಿತಿಯೂ ಅದಕ್ಕಿಂತ ಬೇರೆಯಾಗಿರಲಿಲ್ಲ. ಆದುದರಿಂದ ನಾವು ಇಂದು ಉಪದೇಶ ಮಾಡುವುದಕ್ಕೆ ನಿಂತಿಲ್ಲ. ಅದೇ ಕಾಯಿಲೆಯಲ್ಲಿ ನರಳಿದವರಾಗಿ ಮಾತನಾಡುತ್ತಿದ್ದೇವೆ.

ಇಂಥವನನ್ನು ಕಂಡರೆ ಎಲ್ಲರೂ ಆಡುವ ಮಾತು ಒಂದೇ: ‘ಸೋಮಾರಿ, ಶಿಸ್ತಿಲ್ಲ.’ ಈ ಮಾತು ನಿಜವೆ? ಠಾಣೆಯ ಯಾವುದಾದರೂ ಉಡುಪಿ ಹೋಟೆಲಿನ ಅಡುಗೆಮನೆಗೆ ಹೋಗಿ ನೋಡಿರಿ. ಬೆಳಗಿನ ಗದ್ದಲದಲ್ಲಿ ಒಬ್ಬ ದೋಸೆಯ ಭಟ್ಟ ಏಕಕಾಲಕ್ಕೆ ಎಷ್ಟು ಆರ್ಡರುಗಳನ್ನು ನಿಭಾಯಿಸುತ್ತಾನೆ! ಹಿಟ್ಟಿನ ಪಾತ್ರೆ ಎಡಕ್ಕೆ, ಎಣ್ಣೆ ಬಲಕ್ಕೆ, ಪಲ್ಯ ಕೈಗೆಟಕುವಲ್ಲಿ. ಕಣ್ಣು ಮುಚ್ಚಿದರೂ ಕೈ ತಪ್ಪುವುದಿಲ್ಲ. ಅದೇ ಮನುಷ್ಯ ತನ್ನ ಖೋಲಿಗೆ ಹೋದರೆ ಕನ್ನಡಕಕ್ಕಾಗಿ ಅರ್ಧ ಗಂಟೆ ಹುಡುಕುತ್ತಾನೆ. ಅವನಿಗೆ ಶಿಸ್ತಿಲ್ಲವೆಂದು ಹೇಗೆ ಹೇಳುವುದು? ಹೋಟೆಲಿನಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಜಾಗವಿದೆ, ಪಾಳಿ ಬದಲಾಗುವಾಗ ಒಪ್ಪಿಸಿಕೊಳ್ಳುವ ಇನ್ನೊಬ್ಬನಿದ್ದಾನೆ. ಮನೆಯಲ್ಲಿ ಎರಡೂ ಇಲ್ಲ. ಇಲ್ಲಿ ಕೊರತೆಯಿರುವುದು ಏರ್ಪಾಡಿನದು, ಗುಣದ್ದಲ್ಲ.

ಏರ್ಪಾಡು ಏಕೆ ಇಲ್ಲ? ಮೊದಲನೆಯ ಕಾರಣ ವೇಳೆ. 1853ನೆಯ ಇಸವಿ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿತು. ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು. ಆ ಹಳಿಯ ಮೇಲೆಯೇ ನಮ್ಮ ಆಯುಷ್ಯ ಸವೆಯುತ್ತಿದೆ. ಡೊಂಬಿವಲಿ, ಕಲ್ಯಾಣಗಳಿಂದ ಮುಂಬಯಿಗೆ ಹೋಗಿಬರುವವನಿಗೆ ಮನೆಯ ಬಾಗಿಲಿನಿಂದ ಮನೆಯ ಬಾಗಿಲಿಗೆ ದಿನಕ್ಕೆ 3 ಗಂಟೆ ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ 300 ದಿನ ಕೆಲಸವಾದರೆ 900 ಗಂಟೆ, ಎಂದರೆ ಹಗಲೂ ರಾತ್ರಿಯೂ ಸೇರಿ 37 ದಿನಕ್ಕೂ ಹೆಚ್ಚು! ಗಾಡಿಯಲ್ಲಿ ನಿಂತು ಜಜ್ಜಿಹೋಗಿ ಮನೆ ಸೇರಿದವನು ಕೈಯಲ್ಲಿದ್ದ ಕಾಗದವನ್ನು ಕಂಡ ಜಾಗದಲ್ಲಿ ಇಡುತ್ತಾನೆ. ನಾಳೆ ಎತ್ತಿಡೋಣವೆನ್ನುತ್ತಾನೆ. ಆ ನಾಳೆಗಳ ರಾಶಿಯೇ ಅಟ್ಟದ ಮೇಲಿನ ಗೋಣಿಚೀಲ.

ಎರಡನೆಯ ಕಾರಣ ಜಾಗ. ಒಂದೇ ಖೋಲಿಯಲ್ಲಿ ಅಡುಗೆ, ಊಟ, ಮಲಗುವುದು, ಮಕ್ಕಳ ಓದು ಎಲ್ಲವೂ ನಡೆಯಬೇಕು. ಒಂದು ಕೆಲಸಕ್ಕೆ ಹರಡಿದುದನ್ನು ಇನ್ನೊಂದು ಕೆಲಸಕ್ಕಾಗಿ ಸರಿಸಲೇಬೇಕು. ಆದರೆ ಜಾಗವೊಂದೇ ಕಾರಣವಲ್ಲ. ನವಿ ಮುಂಬಯಿಯನ್ನು ನೋಡಿರಿ. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ, ನಕ್ಷೆ ಬರೆದು, ಸೆಕ್ಟರುಗಳನ್ನು ವಿಂಗಡಿಸಿ ಕಟ್ಟಿದ ನಗರವದು. ನಮ್ಮ ಪರಿಚಿತರೊಬ್ಬರು ಡೊಂಬಿವಲಿಯ ಚಾಳಿನಿಂದ ಅಲ್ಲಿಯ ಎರಡು ಕೋಣೆಗಳ ಫ್ಲ್ಯಾಟಿಗೆ ಹೋದರು. ಐದು ಗೋಣಿಚೀಲಗಳೂ ಟೆಂಪೋ ಏರಿ ಜೊತೆಗೇ ಹೋದುವು, ಇಂದಿಗೂ ಬಿಚ್ಚಿಲ್ಲ. ನಗರಕ್ಕೆ ನಕ್ಷೆಯಿದ್ದ ಮಾತ್ರಕ್ಕೆ ಕಪಾಟಿಗೆ ನಕ್ಷೆ ಬರುವುದಿಲ್ಲ.

ಮೂರನೆಯದು ಮನಸ್ಸು. ಒಂದೇ ಟ್ರಂಕು ಹೊತ್ತು ಊರು ಬಿಟ್ಟು ಬಂದವರು ನಾವು. ಮುರಿದ ಕೊಡೆಯನ್ನೂ ‘ಮುಂದೆ ಬೇಕಾದೀತು’ ಎಂದು ಇಟ್ಟುಕೊಳ್ಳುತ್ತೇವೆ. ಬಡತನ ಕಂಡವನಿಗೆ ಎಸೆಯುವುದು ಕಷ್ಟ. ಇದು ನಾಚಿಕೆಯ ಮಾತಲ್ಲ.

ಅಮೆರಿಕದಲ್ಲಿ ಜುಡಿತ್ ಕೋಲ್ಬರ್ಗ್ ಎಂಬಾಕೆ ಇಂಥವರ ಮನೆಗಳಲ್ಲಿ ಕೆಲಸಮಾಡಿ, ಬಹುಕಾಲದ ಅವ್ಯವಸ್ಥೆಗೆ ಮೂರು ಲಕ್ಷಣ ಹೇಳಿದ್ದಾರೆ. ತಾನಾಗಿ ಸರಿಪಡಿಸಲು ಹೊರಟು ಹಿಂದೆ ಸೋತಿರುವುದು. ಈಗಿನ ಬದುಕು ಅದರಿಂದ ಕೆಡುತ್ತಿರುವುದು. ಮುಂದೆಯೂ ಹೀಗೆಯೇ ಎಂದು ಮನಸ್ಸು ನಂಬಿರುವುದು. ಈ ಮೂರನೆಯದೇ ಎಲ್ಲಕ್ಕಿಂತ ಕೆಟ್ಟದ್ದು. ‘ನನ್ನಿಂದ ಆಗದು’ ಎಂದವನು ಕಪಾಟಿನ ಬಾಗಿಲನ್ನೇ ತೆರೆಯುವುದಿಲ್ಲ.

ಕೆಲವರಿಗೆ ಇದರ ಬೇರು ಇನ್ನೂ ಆಳದಲ್ಲಿರುತ್ತದೆ. ಗಮನ ಒಂದೆಡೆ ನಿಲ್ಲದ ತೊಂದರೆ ಚಿಕ್ಕಂದಿನಿಂದ ಬಂದು ದೊಡ್ಡವರಾದ ಮೇಲೂ ಉಳಿಯುವುದುಂಟೆಂದು ವೈದ್ಯರು ಹೇಳುತ್ತಾರೆ. ದುಃಖ, ಖಿನ್ನತೆಗಳಲ್ಲಿಯೂ ಕೈ ಏಳುವುದಿಲ್ಲ. ಅಂಥವರನ್ನು ಗದರಿಸಿ ಫಲವಿಲ್ಲ, ವೈದ್ಯರನ್ನು ಕಾಣಬೇಕು. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಣ ಬೇಕಿಲ್ಲ. ಕುಂಟನಿಗೆ ಊರುಗೋಲು ಕೊಡುವುದು ಹೇಗೆ ಅವಮಾನವಲ್ಲವೋ ಹಾಗೆಯೇ ಇದೂ.

ಇನ್ನು ಪರಿಹಾರ. ಅದಕ್ಕೆ ಗುರುಗಳು ನಮ್ಮ ಗಾಡಿಯಲ್ಲಿಯೇ ಇದ್ದಾರೆ. ಮುಂಬಯಿಯ ಡಬ್ಬಾವಾಲರ ವ್ಯವಸ್ಥೆ 1890ರ ಸುಮಾರಿಗೆ ಆರಂಭವಾಯಿತೆನ್ನುತ್ತಾರೆ. ಉಪನಗರದ ಮನೆಯಿಂದ ಹೊರಟ ಡಬ್ಬಿ ಹಲವು ಕೈ ದಾಟಿ ಕೋಟೆಯ ಕಛೇರಿಗೆ ಮಧ್ಯಾಹ್ನಕ್ಕೆ ಮುಟ್ಟುತ್ತದೆ. ಬರಿದಾಗಿ ಮತ್ತೆ ಅದೇ ಮನೆಗೆ ಬರುತ್ತದೆ. ಅವರೇನು ಎಲ್ಲ ವಿಳಾಸಗಳನ್ನೂ ಬಾಯಿಪಾಠ ಮಾಡಿದವರೆ? ಅಲ್ಲ. ಮುಚ್ಚಳದ ಮೇಲೆ ಬಣ್ಣದಲ್ಲಿ ಕೆಲವು ಅಕ್ಷರ, ಕೆಲವು ಅಂಕಿ: ಯಾವ ಸ್ಟೇಶನ್, ಯಾವ ಕಟ್ಟಡ, ಎಷ್ಟನೆಯ ಮಾಳಿಗೆ. ನೆನಪಿನ ಭಾರವನ್ನು ತಲೆಯಿಂದ ಇಳಿಸಿ ಡಬ್ಬಿಯ ಮೇಲೆ ಇಟ್ಟರು. ನಾವು ಕಲಿಯಬೇಕಾದ ಪಾಠ ಇದೊಂದೇ. ‘ಇನ್ನು ಮುಂದೆ ಮರೆಯುವುದಿಲ್ಲ’ ಎಂಬ ಶಪಥ ಬೇಡ. ಮರೆತರೂ ಕೆಲಸ ನಡೆಯುವಂಥ ಗುರುತು ಬೇಕು.

ನಾವು ಮಾಡಿ ನೋಡಿದ್ದನ್ನು ಹೇಳುತ್ತೇವೆ. ಬಾಗಿಲ ಪಕ್ಕದಲ್ಲಿ ಒಂದು ಮೊಳೆ ಹೊಡೆದೆವು. ಪಾಸು, ಬೀಗದ ಕೈ, ಕನ್ನಡಕ ಇರುವ ಚಿಕ್ಕ ಚೀಲ ಅದಕ್ಕೆ ಮಾತ್ರ. ಚಪ್ಪಲಿ ಬಿಡುವ ಮೊದಲು ಅದನ್ನು ತೂಗುಹಾಕುವುದು. ಮೊದಲ ವಾರ ನಾಲ್ಕು ದಿನ ಮರೆತೆವು. ತಿಂಗಳಾಗುವಷ್ಟರಲ್ಲಿ ಕೈ ತಾನೇ ಹೋಗತೊಡಗಿತು.

ಎರಡನೆಯದು ಕಾಗದದ ಚೀಲ. ಮನೆಗೆ ಒಂದೇ ಇರಲಿ. ರೇಶನ್ ಕಾರ್ಡು, ಜನನ ಪತ್ರ, ಶಾಲೆ ಬಿಟ್ಟ ಪತ್ರ, ಪ್ರಾವಿಡೆಂಟ್ ಫಂಡಿನ ಸಂಖ್ಯೆ, ವಿಮೆ, ಬ್ಯಾಂಕಿನ ಪುಸ್ತಕ ಎಲ್ಲವೂ ಅದರಲ್ಲಿ. ಒಳಗೆ ಏನೇನಿದೆಯೆಂಬ ಪಟ್ಟಿಯನ್ನು ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿರಿ. ಚೀಲ ಪ್ಲಾಸ್ಟಿಕ್ಕಿನದಾಗಿರಲಿ, ಎತ್ತರದಲ್ಲಿರಲಿ. 2005ರ ಜುಲೈ 26ರ ಮಳೆಯನ್ನು ಮರೆತಿಲ್ಲವಷ್ಟೆ? ಸಾಂತಾಕ್ರೂಜ್‌ದಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಸುರಿಯಿತು. ಕಲ್ಯಾಣದ ಕಡೆಯೂ ಮನೆಗಳಿಗೆ ನೀರು ನುಗ್ಗಿತು. ಮಂಚದ ಕೆಳಗಿದ್ದ ಟ್ರಂಕುಗಳಲ್ಲಿ ಕಾಗದಗಳೆಲ್ಲ ಮುದ್ದೆಯಾದುವು. ಈಗ ಫೋನಿನಲ್ಲಿಯೂ ಚಿತ್ರ ತೆಗೆದಿಡಬಹುದು. ಆದರೆ ಫೋನೂ ಒಂದು ಗೋಣಿಚೀಲವಾಗದಂತೆ ನೋಡಿಕೊಳ್ಳಬೇಕು.

ಮೂರನೆಯದು ಹತ್ತು ನಿಮಿಷ. ಇಡೀ ರವಿವಾರ ಕುಳಿತು ಮನೆಯೆಲ್ಲ ಸರಿಪಡಿಸುತ್ತೇನೆಂದು ಹೊರಟವನು ಮಧ್ಯಾಹ್ನಕ್ಕೆ ಸೋತು, ಹರಡಿದುದನ್ನೆಲ್ಲ ಮತ್ತೆ ಒಳಗೆ ತುರುಕುತ್ತಾನೆ. ರಾತ್ರಿ ಊಟವಾದ ಮೇಲೆ ಹತ್ತೇ ನಿಮಿಷ, ಒಂದೇ ಮೂಲೆ. ರದ್ದಿಯನ್ನು ತಿಂಗಳಿಗೊಮ್ಮೆ ಹಾಕಿರಿ.

ಇಲ್ಲಿ ಗಂಡಸರಿಗೆ ಒಂದು ಮಾತು. ಕಳೆದುಕೊಳ್ಳುವವರು ನಾವು, ಹುಡುಕಿಕೊಡುವವಳು ಮನೆಯಾಕೆ. ಅವಳೂ ಡ್ಯೂಟಿಗೆ ಹೋಗುತ್ತಾಳೆ. ಅವಳೂ ಅದೇ ಗಾಡಿಯಲ್ಲಿ ನಿಂತು ಬರುತ್ತಾಳೆ. ಆದರೂ ‘ನನ್ನ ಪಾಸು ಎಲ್ಲಿಟ್ಟೆ?’ ಎಂದು ಅವಳ ಮೇಲೆಯೇ ಕೂಗುತ್ತೇವೆ. ವ್ಯವಸ್ಥೆಯೆಂದರೆ ಹೆಂಡತಿಯ ನೆನಪು ಎಂದು ತಿಳಿದಿರುವ ತನಕ ಯಾವ ಮೊಳೆಯೂ ಪ್ರಯೋಜನಕ್ಕೆ ಬಾರದು. ಕಾಗದಗಳ ವಿಷಯದಲ್ಲಿಯಂತೂ ಗಂಡನಿಗೆ ಗೊತ್ತಿದ್ದುದೆಲ್ಲ ಹೆಂಡತಿಗೂ ಗೊತ್ತಿರಬೇಕು. ಕಲ್ಯಾಣದ ಆ ತಾಯಿಗೆ ಗೊತ್ತಿರಲಿಲ್ಲ.

ಕೊನೆಯ ಮಾತು. ಒಬ್ಬನೇ ಕುಳಿತರೆ ಈ ಕೆಲಸ ಸಾಗುವುದಿಲ್ಲ. ಪಕ್ಕದಲ್ಲಿ ಒಬ್ಬ ಸುಮ್ಮನೆ ಕುಳಿತಿದ್ದರೂ ಸಾಗುತ್ತದೆ. ಇದು ನಮ್ಮ ಅನುಭವ. ಆದುದರಿಂದ ಮುಂದಿನ ತಿಂಗಳ ಸಭೆಗೆ ಪ್ರತಿಯೊಬ್ಬರೂ ತಮ್ಮ ಕಾಗದಗಳನ್ನು, ಹೇಗಿವೆಯೋ ಹಾಗೆಯೇ, ಗೋಣಿಚೀಲದಲ್ಲಿದ್ದರೂ ಸರಿ, ತನ್ನಿರಿ. ಗಂಡ ಹೆಂಡತಿ ಇಬ್ಬರೂ ಬನ್ನಿರಿ. ಇಬ್ಬಿಬ್ಬರಾಗಿ ಕುಳಿತು ವಿಂಗಡಿಸೋಣ. ಹೆಸರು ಎಲ್ಲ ಪತ್ರಗಳಲ್ಲಿಯೂ ಒಂದೇ ತೆರನಾಗಿದೆಯೆ, ನಾಮಿನಿಯ ಹೆಸರು ಸರಿಯಾಗಿದೆಯೆ, ನೋಡೋಣ. ತಿದ್ದಬೇಕಾದುದನ್ನು ನಾವು ಬದುಕಿದ್ದಾಗಲೇ ತಿದ್ದಿಸೋಣ. ಬಾಯಾರಿದಾಗ ಬಾವಿ ತೋಡುವುದು ಬೇಡ. ಓದುಬರಹ ಬಲ್ಲ ತರುಣರು ಫಾರ್ಮು ತುಂಬಿಕೊಡಲಿ. ಯಾರ ಚೀಲವನ್ನು ನೋಡಿಯೂ ಯಾರೂ ನಗತಕ್ಕದ್ದಲ್ಲ. ಮೊದಲಿಗೆ ನಮ್ಮದನ್ನೇ ಬಿಚ್ಚುತ್ತೇವೆ.

 ಕಲ್ಯಾಣದ ಗಾಡಿಗೆ ಹೊತ್ತಾಯಿತು.