ಇಲ್ಲದ ಸಾಲಿನಲ್ಲಿ ನಿಲ್ಲುವುದೆಲ್ಲಿ?
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಹಬ್ಬದ ದಿನ ಈ ವಿಷಯವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಬಿಸಿಬೇಳೆಬಾತಿನ ಪರಿಮಳ ಆಗಲೇ ಬರುತ್ತಿದೆ, ಬೇಗ ಮುಗಿಸುತ್ತೇವೆ.

ನಿರಾಶ್ರಿತರನ್ನು ತಡೆಯುವ, ಗಡೀಪಾರು ಮಾಡುವ ಕಾನೂನುಗಳ ಮಾತೆತ್ತಿದಾಗಲೆಲ್ಲ ನಮ್ಮವರು ಹೇಳುವುದು ಒಂದೇ: "ನಾವು ವೀಸಾ ಪಡೆದು, ಸರದಿಯಲ್ಲಿ ನಿಂತು ಬ್ರಿಟನ್ನಿಗೆ ಬಂದೆವು. ಅವರೂ ಹಾಗೇ ಬರಲಿ." ಕೇಳಲು ನ್ಯಾಯವಾಗಿಯೇ ಇದೆ. ಆದರೆ ಆಶ್ರಯ ಕೇಳಲೆಂದು ಈ ದೇಶ ಕೊಡುವ ವೀಸಾವೇ ಇಲ್ಲ. ಅರ್ಜಿ ಹಾಕಲು ಮೊದಲು ಈ ನೆಲದ ಮೇಲೆ ಕಾಲಿಡಬೇಕು. ಉಕ್ರೇನಿನವರಿಗೆ 2022ರಲ್ಲಿ ಬೇರೆಯೇ ದಾರಿ ತೆರೆದರು, ಒಳ್ಳೆಯದೇ ಆಯಿತು. ಸುಡಾನಿನ ಯುದ್ಧದಿಂದ ಓಡಿಬಂದವನಿಗೆ ಅಂಥ ದಾರಿ ತೆರೆಯಲಿಲ್ಲ.

ಇನ್ನು ಕಾಗದಪತ್ರದ ಭರವಸೆ. ಕೀನ್ಯಾದಲ್ಲಿದ್ದ ಭಾರತೀಯ ಮೂಲದವರ ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟೇ ಇತ್ತು. 1968ರಲ್ಲಿ ಪಾರ್ಲಿಮೆಂಟು ಮೂರೇ ದಿನದಲ್ಲಿ ಕಾನೂನು ಮಾಡಿ, ತಂದೆತಾಯಿಯರಿಗೋ ಅಜ್ಜಅಜ್ಜಿಯರಿಗೋ ಬ್ರಿಟನ್ನಿನ ನಂಟಿಲ್ಲದಿದ್ದರೆ ಆ ಪಾಸ್‌ಪೋರ್ಟಿಗೆ ಬಾಗಿಲು ತೆರೆಯದು ಎಂದಿತು. ಯಾರ ಅಜ್ಜಂದಿರು ಇಲ್ಲಿಯವರೆಂದು ಬಿಡಿಸಿ ಹೇಳಬೇಕಿಲ್ಲ. 1972ರಲ್ಲಿ ಇದಿ ಅಮೀನ್ ತೊಂಬತ್ತು ದಿನ ಗಡುವು ಕೊಟ್ಟು ಯುಗಾಂಡಾದಿಂದ ಹೊರಗಟ್ಟಿದಾಗ, ಲೆಸ್ಟರ್ ನಗರಸಭೆ ಅಲ್ಲಿಯ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು 'ನಮ್ಮೂರಿಗೆ ಬರಬೇಡಿ' ಎಂದು ಕೇಳಿಕೊಂಡಿತು. ಆದರೂ ಬಂದರು. ಬ್ರಿಟನ್ನಿಗೆ ಬಂದವರು ಒಟ್ಟು ಸುಮಾರು 28,000. ದೀಪಾವಳಿಗೆ ನಾವು ಮಕ್ಕಳನ್ನು ಕರೆದುಕೊಂಡು ಬೆಳಕು ನೋಡಲು ಹೋಗುವುದು ಅದೇ ಲೆಸ್ಟರಿನ ಬೆಲ್‌ಗ್ರೇವ್ ರಸ್ತೆಗೆ!

ಗಡಿ ಕಾಯಬೇಡಿ ಎಂದು ನಾವು ಹೇಳುತ್ತಿಲ್ಲ. ಸುಳ್ಳು ಹೇಳಿ ಬರುವವರೂ ಇದ್ದಾರೆ. ವಿಚಾರಣೆ ಮಾಡಿ ಕಳಿಸಲಿ. ವಿಚಾರಣೆಯನ್ನೇ ತಪ್ಪಿಸುವುದು ಬೇರೆ ಮಾತು. ರುವಾಂಡಾ ಸುರಕ್ಷಿತವಲ್ಲವೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದರೆ, 2024ರಲ್ಲಿ ಕಾನೂನು ಬರೆದು ಸುರಕ್ಷಿತವೆಂದು ಸಾರಿದರು. ಹೋದವರು ನಾಲ್ವರು, ಅವರೂ ಸ್ವಂತ ಇಚ್ಛೆಯಿಂದ. ಆ ಯೋಜನೆಯನ್ನು ಕೈಬಿಟ್ಟ ಮುಂದಿನ ಸರ್ಕಾರವೇ 2025ರ ನವೆಂಬರಿನಲ್ಲಿ ಹೊಸ ಪ್ರಸ್ತಾಪ ತಂದಿತು: ಆಶ್ರಯ ತಾತ್ಕಾಲಿಕ, ಎರಡೂವರೆ ವರ್ಷಕ್ಕೊಮ್ಮೆ ಪರಿಶೀಲನೆ, ತಾಯ್ನಾಡು ಸುರಕ್ಷಿತವೆನಿಸಿದರೆ ವಾಪಸು, ಖಾಯಂ ನೆಲೆಗೆ ಐದರ ಬದಲು ಇಪ್ಪತ್ತು ವರ್ಷ. ಏಳನೆಯ ವಯಸ್ಸಿನಲ್ಲಿ ಬಂದ ಹುಡುಗಿ ಇಪ್ಪತ್ತೇಳರವರೆಗೂ ಪೆಟ್ಟಿಗೆ ಕಟ್ಟಿಟ್ಟುಕೊಂಡೇ ಓದಬೇಕು, ಮದುವೆಯಾಗಬೇಕು.

ಅದೇ ವರ್ಷದ ಮೇ ತಿಂಗಳಲ್ಲಿ, ಕೆಲಸದ ವೀಸಾದ ಮೇಲೆ ಬಂದವರಿಗೂ ಖಾಯಂ ನೆಲೆಯ ಅವಧಿಯನ್ನು ಐದರಿಂದ ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾಪ ಬಂದಿತ್ತು. ನಮ್ಮ ನರ್ಸುಗಳು, ಕಂಪ್ಯೂಟರ್ ಹುಡುಗರು ಆಗ ಗಾಬರಿಯಿಂದ ಒಬ್ಬರಿಗೊಬ್ಬರು ಫೋನು ಮಾಡಿದರು. ನವೆಂಬರಿನಲ್ಲಿ ಫೋನುಗಳು ಸುಮ್ಮನಿದ್ದವು.

1960ರ ಸುಮಾರಿಗೆ ಟಿಬೆಟಿನಿಂದ ಬಂದವರಿಗೆ ನಮ್ಮ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿಯನ್ನೂ ಹಾಕಿರಲಿಲ್ಲ. ಸಹಿ ಹಾಕಿದ ದೇಶದಲ್ಲಿ ಈಗ ನಾವಿದ್ದೇವೆ, ಮತವೂ ಇದೆ.

ಊಟದ ಸಾಲಿನ ಪಕ್ಕದ ಮೇಜಿನ ಮೇಲೆ ನಿಮ್ಮ ಕ್ಷೇತ್ರದ ಪಾರ್ಲಿಮೆಂಟ್ ಸದಸ್ಯರಿಗೆ ಬರೆದ ಪತ್ರದ ಕರಡುಗಳಿವೆ. ಓದಿ, ಒಪ್ಪದ ಸಾಲುಗಳನ್ನು ಹೊಡೆದುಹಾಕಿ, ವಿಳಾಸ ಮರೆಯದೆ ಬರೆಯಿರಿ. ಸಹಿ ಕನ್ನಡದಲ್ಲಿದ್ದರೂ ನಡೆಯುತ್ತದೆ.