ಟಾರ್ಚಿನ ಒಡಲೊಳಗಿನ ಕಸುಬು

(ತಾಂತ್ರಿಕ ತರಬೇತಿ ಪಡೆಯುತ್ತಿರುವ ವಿದ್ಯಾರ್ಥಿಗಳ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮ ಹಳ್ಳಿಗಳಲ್ಲಿ ಟಾರ್ಚಿಗೆ ಇಂದಿಗೂ ‘ಬ್ಯಾಟರಿ’ ಎಂದೇ ಹೆಸರು. ‘ಆ ಬ್ಯಾಟ್ರಿ ತಗೊಂಡು ಬಾರೋ’ ಎಂದು ಅಜ್ಜ ಕೂಗಿದರೆ ಒಳಗಿನ ಸೆಲ್ಲನ್ನು ಕೊಂಡೊಯ್ದು ಕೊಟ್ಟವನು ಬೈಸಿಕೊಳ್ಳುತ್ತಾನೆ. ಅಪರಾತ್ರಿಯಲ್ಲಿ ತ್ರೀ ಫೇಸ್ ಕರೆಂಟು ಬಂತೆಂದು ಪಂಪ್‌ಸೆಟ್ಟಿನ ಕಡೆಗೆ ಹೊರಡುವ ರೈತನ ಕೈಯಲ್ಲಿರುವುದೂ ಅದೇ. ಬೆಳಕು ಮಂಕಾದಾಗ ಅಂಗೈಗೆ ಎರಡು ಬಾರಿ ಕುಟ್ಟುವುದು, ಹಿಂದಿನ ಮುಚ್ಚಳ ಬಿಚ್ಚಿ ಸ್ಪ್ರಿಂಗನ್ನು ಎಳೆದು ಉದ್ದ ಮಾಡುವುದು, ಅದರ ತುದಿಯನ್ನು ಕಲ್ಲಿಗೆ ಉಜ್ಜುವುದು, ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವನ್ನು ಮಡಚಿ ಸೆಲ್ಲಿನ ಹಿಂದೆ ತುರುಕುವುದು, ಇವೆಲ್ಲ ನಮ್ಮ ಹಿರಿಯರಿಗೆ ಗೊತ್ತಿದ್ದ ಚಿಕಿತ್ಸೆಗಳು. ವಿದ್ಯುತ್ ಹರಿಯುವ ದಾರಿಯಲ್ಲಿ ಎಲ್ಲೋ ಒಂದು ಕಡೆ ತಡೆ ಉಂಟಾಗಿದೆ, ಅದನ್ನು ನಿವಾರಿಸಬೇಕು ಎಂಬ ತಿಳಿವಳಿಕೆ ಆ ಕೈಗಳಿಗಿತ್ತು. ಅದನ್ನು ‘ರೆಸಿಸ್ಟೆನ್ಸ್’ ಎಂದು ಅವರು ಕರೆಯಲಿಲ್ಲ, ಅಷ್ಟೆ.

ಇದೇ ಚಿಕಿತ್ಸೆಯನ್ನು ಅದರ ಪರಾಕಾಷ್ಠೆಗೆ ಒಯ್ದವರ ಬಗ್ಗೆ ಇವತ್ತು ನಾಲ್ಕು ಮಾತು ಹೇಳುತ್ತೇನೆ. ಅಂಗಡಿಯಲ್ಲಿ ಕೊಂಡ ಟಾರ್ಚನ್ನು ಪೂರ್ತಿ ಬಿಚ್ಚಿ, ಅದರ ಬಲ್ಬು, ರಿಫ್ಲೆಕ್ಟರು, ಸ್ವಿಚ್ಚು, ಸೆಲ್ಲು ಎಲ್ಲವನ್ನೂ ಬದಲಿಸಿ ಬೇರೆಯದೇ ಉಪಕರಣವನ್ನಾಗಿ ಮಾಡುವ ಹವ್ಯಾಸವೊಂದಿದೆ. ಅಮೆರಿಕದ ಮನೆಗಳ ಗ್ಯಾರೇಜುಗಳಲ್ಲಿ ಬಲವಾಗಿ ಬೆಳೆದ ಇದಕ್ಕೆ ಇಂದು ಹಲವು ದೇಶಗಳಲ್ಲಿ ಅನುಯಾಯಿಗಳಿದ್ದಾರೆ. ಪತ್ರಿಕೋದ್ಯಮದ ಡಿಪ್ಲೊಮಾ ಮಾಡಿದ ವರದಿಗಾರನಿಗೆ ಲೇತ್ ಮತ್ತು ಬೆಸುಗೆಯ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಣ್ಣಿಗೆ ಕಾಣದ ಕೆಲಸಕ್ಕೆ ಬೆಲೆ ಕಟ್ಟುವುದು ಹೇಗೆ ಎಂಬ ಪ್ರಶ್ನೆ ವರದಿಗಾರನನ್ನೂ ಕಾಡುತ್ತದಲ್ಲ, ಅದಕ್ಕೆ.

ಸ್ವಲ್ಪ ಚರಿತ್ರೆ ನೋಡೋಣ. ಕೊಳವೆಯಾಕಾರದ ಕೈದೀಪಕ್ಕೆ ಡೇವಿಡ್ ಮಿಸೆಲ್ ಎಂಬಾತ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1899ರ ಜನವರಿ 10ರಂದು. ಅದನ್ನು ಮಾರುಕಟ್ಟೆಗೆ ತಂದವನು ಕಾನ್ರಾಡ್ ಹ್ಯೂಬರ್ಟ್. ಮುಂದೆ ‘ಎವರೆಡಿ’ ಎಂದು ಮನೆಮಾತಾದದ್ದು ಅವನ ಕಂಪನಿಯ ಸರಕೇ. ಆಗಿನ ಸೆಲ್ಲುಗಳು ದುರ್ಬಲ, ಇಂಗಾಲದ ತಂತುವಿನ ಬಲ್ಬುಗಳು ಮಂಕು. ಒಂದೇ ಸಮನೆ ಉರಿಸಲಾಗದೆ, ಒತ್ತಿ ಮಿಂಚಿಸಿ ಬಿಡಬೇಕಾಗಿತ್ತು. ಇಂಗ್ಲಿಷಿನಲ್ಲಿ ‘ಫ್ಲ್ಯಾಶ್‌ಲೈಟ್’ ಎಂಬ ಹೆಸರು ಬಂದದ್ದೇ ಆ ದೌರ್ಬಲ್ಯದಿಂದ.

ಮಾರ್ಪಾಡಿನ ಕಸುಬಿಗೆ ಅಡಿಪಾಯ ಬಿದ್ದದ್ದು 80 ವರ್ಷಗಳ ಬಳಿಕ, 1979ರಲ್ಲಿ. ನ್ಯೂಯಾರ್ಕಿನಲ್ಲಿ ಹುಟ್ಟಿ ಕ್ರೊಯೇಷಿಯಾದ ಬಡತನದಲ್ಲಿ ಬೆಳೆದು ಅಮೆರಿಕಕ್ಕೆ ಮರಳಿದ ಆಂಥನಿ ಮ್ಯಾಗ್ಲಿಕಾ ಕಸುಬಿನಿಂದ ಯಂತ್ರಕರ್ಮಿ. ಕ್ಯಾಲಿಫೋರ್ನಿಯಾದಲ್ಲಿ ಅವರು ತಯಾರಿಸಿದ ‘ಮ್ಯಾಗ್‌ಲೈಟ್’ ತಗಡಿನ ಟಾರ್ಚಾಗಿರಲಿಲ್ಲ. ದಪ್ಪ ಅಲ್ಯೂಮಿನಿಯಂ ಕೊಳವೆ, ಕರಾರುವಾಕ್ಕಾಗಿ ಕೊರೆದ ಥ್ರೆಡ್ಡು, ಕೈ ಜಾರದಂತೆ ಗೆರೆ ಎಳೆದ ಹಿಡಿ. ಪೊಲೀಸರು ಲಾಠಿಯಂತೆ ಹಿಡಿದು ತಿರುಗುತ್ತಿದ್ದ ವಸ್ತು ಅದು. ನಮ್ಮ ಕಥೆಗೆ ಮುಖ್ಯವಾದ ಸಂಗತಿಯೆಂದರೆ, ತಲೆಯಿಂದ ಬಾಲದವರೆಗೆ ಅದನ್ನು ಬಿಚ್ಚಬಹುದಿತ್ತು. ಬಿಚ್ಚಿದ ಭಾಗಗಳನ್ನು ಮತ್ತೆ ಜೋಡಿಸಿದರೆ ಅಷ್ಟೇ ಬಿಗಿಯಾಗಿ ಕೂರುತ್ತಿತ್ತು. ಇಂಥದ್ದು ಕೈಗೆ ಸಿಕ್ಕಿದ ಮೇಲೆ ಕುತೂಹಲಿಗಳು ಸುಮ್ಮನಿರುತ್ತಾರೆಯೇ?

ಹವ್ಯಾಸಿಗಳ ನಡುವೆ ‘ಮ್ಯಾಗ್-85’ ಎಂದು ಖ್ಯಾತವಾದ ಒಂದು ಮಾರ್ಪಾಡನ್ನೇ ನೋಡಿ. ಮೂರು ದೊಡ್ಡ ಸೆಲ್ಲುಗಳ ಮ್ಯಾಗ್‌ಲೈಟಿನ ಮೂಲ ಬಲ್ಬು ನುಂಗುತ್ತಿದ್ದುದು ಎರಡು ಮೂರು ವ್ಯಾಟ್. ವೈದ್ಯರು ಕಿವಿ, ಕಣ್ಣು ಪರೀಕ್ಷಿಸುವ ಉಪಕರಣಗಳಿಗೆ ಹೆಸರಾದ ವೆಲ್ಚ್ ಆಲಿನ್ ಕಂಪನಿಯ 1185 ಎಂಬ ಸಂಖ್ಯೆಯ ಹ್ಯಾಲೊಜೆನ್ ಬಲ್ಬನ್ನು ಇವರು ಅದರ ಜಾಗಕ್ಕೆ ತಂದರು. ದೊಡ್ಡ ಸೆಲ್ಲುಗಳ ಬದಲು ಮರುಚಾರ್ಜ್ ಆಗುವ ಒಂಬತ್ತು ಪುಟ್ಟ ಪೆನ್ ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರು. 10.8 ವೋಲ್ಟ್, ಮೂರು ಆಂಪಿಯರಿಗೂ ಹೆಚ್ಚು ಕರೆಂಟು, ಸುಮಾರು 35 ವ್ಯಾಟ್!

ಬಲ್ಬು ಬದಲಿಸಿದ್ದೇ ಸಾಹಸ ಎಂದುಕೊಳ್ಳಬೇಡಿ. ಆ ಶಾಖಕ್ಕೆ ಪ್ಲಾಸ್ಟಿಕ್ ರಿಫ್ಲೆಕ್ಟರು ಕರಗುತ್ತದೆ, ಆದ್ದರಿಂದ ಲೋಹದ್ದು ಬೇಕು. ಮುಂದಿನ ಪ್ಲಾಸ್ಟಿಕ್ ಗಾಜು ಬಾಗುತ್ತದೆ, ಶಾಖ ತಡೆಯುವ ನಿಜವಾದ ಗಾಜು ಬೇಕು. ಬಲ್ಬಿನ ಹಿಡಿಕೆ ಪಿಂಗಾಣಿಯದಾಗಬೇಕು. ಇಷ್ಟೆಲ್ಲ ಮುಗಿದ ಮೇಲೂ ಬೆಳಕು ನಿರೀಕ್ಷೆಯಷ್ಟು ಬರುವುದಿಲ್ಲ. ಏಕೆ? ನಮ್ಮ ಅಜ್ಜ ಕಲ್ಲಿಗೆ ಉಜ್ಜುತ್ತಿದ್ದರಲ್ಲ, ಅದೇ ಸ್ಪ್ರಿಂಗು! ದಾರಿಯಲ್ಲಿ ಓಮ್‌ನ ಹತ್ತನೇ ಒಂದು ಭಾಗದಷ್ಟು ತಡೆ ಇದ್ದರೂ 3.3 ಆಂಪಿಯರ್ ಹರಿಯುವಾಗ ಒಂದು ವೋಲ್ಟಿನ ಮೂರನೇ ಒಂದರಷ್ಟು ಅಲ್ಲೇ ಸೋರಿಹೋಗುತ್ತದೆ. ಅಂದರೆ ಶೇಕಡಾ 3. ಆದರೆ ತಂತುವಿನ ಬಲ್ಬಿನಲ್ಲಿ ವೋಲ್ಟೇಜು ಶೇಕಡಾ 3 ಇಳಿದರೆ ಬೆಳಕು ಶೇಕಡಾ 10ರಷ್ಟು ಇಳಿಯುತ್ತದೆ. ಹಾಗಾಗಿ ಸ್ಪ್ರಿಂಗಿನ ಬೆನ್ನಿಗೆ ತಾಮ್ರದ ಹೆಣಿಗೆಯನ್ನು ಬೆಸೆಯುತ್ತಾರೆ. ಅಲ್ಯೂಮಿನಿಯಂ ಮೇಲಿನ ಚೆಂದದ ಬಣ್ಣದ ಪದರ ವಾಸ್ತವವಾಗಿ ವಿದ್ಯುತ್ ನಿರೋಧಕ. ಮುಚ್ಚಳ ಕೂರುವ ಅಂಚಿನಲ್ಲಷ್ಟೇ ಅದನ್ನು ನಯವಾದ ಎಮರಿ ಕಾಗದದಿಂದ ತೆಗೆಯುತ್ತಾರೆ.

ಇನ್ನೊಂದು ಕಡೆ ಅಪಾಯ. ವೋಲ್ಟೇಜು ಹಿತಮಿತಕ್ಕಿಂತ ಶೇಕಡಾ 5 ಹೆಚ್ಚಾದರೆ ಬೆಳಕು ಶೇಕಡಾ 18ರಷ್ಟು ಏರುತ್ತದೆ, ಬಲ್ಬಿನ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಆಗ ತಾನೇ ಚಾರ್ಜ್ ಮಾಡಿದ ಸೆಲ್ಲು ಹಾಕಿ ಸ್ವಿಚ್ಚು ಒತ್ತಿದರೆ ನೀಲಿ ಮಿಂಚೊಂದು ಹೊಳೆದು ಬಲ್ಬು ಸತ್ತುಹೋಗುವುದುಂಟು. ಒಂದು ಕಡೆ ತಡೆಯನ್ನು ತೆಗೆಯಬೇಕು, ಇನ್ನೊಂದು ಕಡೆ ತೀರಾ ತೆಗೆದರೆ ಬಲ್ಬು ಉಳಿಯುವುದಿಲ್ಲ. ಇವೆರಡರ ನಡುವಿನ ಕೂದಲೆಳೆಯಷ್ಟು ಜಾಗದಲ್ಲಿ ನಿಲ್ಲುವ ಹದ ಯಾವ ಕೈಪಿಡಿಯಿಂದಲೂ ಪೂರ್ತಿ ಬರುವುದಿಲ್ಲ ಎಂದು ನನ್ನ ಅನಿಸಿಕೆ.

ಆಮೇಲೆ ಬಂದದ್ದು ಎಲ್‌ಇಡಿ ಯುಗ. ಜಪಾನಿನ ಶುಜಿ ನಕಮುರ 1993ರಲ್ಲಿ ಪ್ರಖರ ನೀಲಿ ಎಲ್‌ಇಡಿಯನ್ನು ಜಗತ್ತಿಗೆ ತೋರಿಸಿದರು. 2014ರಲ್ಲಿ ಅಕಸಾಕಿ, ಅಮನೊ ಅವರೊಂದಿಗೆ ನೊಬೆಲ್ ಪಡೆದರು. ನೀಲಿ ಚಿಪ್ಪಿನ ಮೇಲೆ ಹಳದಿ ಫಾಸ್ಫರ್ ಲೇಪ ಹಚ್ಚಿದಾಗ ಬಿಳಿ ಬೆಳಕು ಹುಟ್ಟಿತು. ಇನ್ನು ಬಲ್ಬು ಸುಡುವ ಚಿಂತೆಯಿಲ್ಲ, ಕಸುಬಿಗೂ ಕೆಲಸವಿಲ್ಲ ಎಂದು ಅನ್ನಿಸಬಹುದಾಗಿತ್ತು. ಆದದ್ದು ಬೇರೆ.

ತಂತುವಿನ ಬಲ್ಬು ತನ್ನ ಶಾಖದ ಬಹುಪಾಲನ್ನು ಕಿರಣರೂಪದಲ್ಲಿ ಮುಂದಕ್ಕೆ ಚೆಲ್ಲುತ್ತದೆ. ಎಲ್‌ಇಡಿಯ ಶಾಖ ಅದರ ಬೆನ್ನಿಗೇ ಅಂಟಿಕೊಂಡಿರುತ್ತದೆ. ಅದನ್ನು ಹೊರಗೆ ಸಾಗಿಸದಿದ್ದರೆ ಬೆಳಕು ಕುಗ್ಗುತ್ತದೆ, ಕೊನೆಗೆ ಚಿಪ್ಪೇ ಹಾಳಾಗುತ್ತದೆ. ಶಾಖ ಸಾಗಿಸುವುದರಲ್ಲಿ ಅಲ್ಯೂಮಿನಿಯಂಗಿಂತ ತಾಮ್ರ ಸುಮಾರು ಎರಡು ಪಟ್ಟು ಸಮರ್ಥ. ಗಾಳಿಯಂತೂ ಅಲ್ಯೂಮಿನಿಯಂಗೆ ಹೋಲಿಸಿದರೆ ಸಾವಿರಾರು ಪಟ್ಟು ನಿಷ್ಪ್ರಯೋಜಕ. ಆದ್ದರಿಂದ ಕೊಳವೆಯೊಳಗೆ ಕೂರಿಸುವ ಹೀಟ್ ಸಿಂಕ್‌ಗೂ ಕೊಳವೆಯ ಗೋಡೆಗೂ ನಡುವೆ ಕಾಗದದಷ್ಟು ಸಂದು ಉಳಿದರೂ ಕೆಲಸ ಕೆಟ್ಟಂತೆ. ಲೇತಿನಲ್ಲಿ ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದಲ್ಲಿ ಅದನ್ನು ಕಡೆದು, ಒತ್ತಿ ಕೂರಿಸಬೇಕು. ಲೇತ್ ಮುಂದೆ ನಿಂತು ಅಭ್ಯಾಸವಿರುವ ನಿಮಗೆ ಇದರ ಕಷ್ಟ ನಾನು ಹೇಳಬೇಕಾಗಿಲ್ಲ.

ಎಲ್‌ಇಡಿ ಬದಲಿಸುವುದನ್ನು ನೋಡುವುದೇ ಒಂದು ಸೊಗಸು. ಮೂರೂವರೆ ಮಿಲಿಮೀಟರ್ ಚೌಕದ ಚಿಪ್ಪಿಗೆ ಬೆಸುಗೆ ಕಡ್ಡಿ ತಾಗಿಸಲು ಜಾಗವೇ ಇಲ್ಲ, ಕಾಲುಗಳಿರುವುದು ಹೊಟ್ಟೆಯ ಅಡಿಯಲ್ಲಿ. ಹಾಗಾಗಿ ತಾಮ್ರದ ಬಿಲ್ಲೆಯನ್ನೇ ಕೆಳಗಿನಿಂದ ಕಾಯಿಸುತ್ತಾರೆ. ತವರ-ಸೀಸದ ಬೆಸುಗೆ 183 ಡಿಗ್ರಿಗೆ ಕರಗಿದ ಕ್ಷಣ ಚಿಮಟದಿಂದ ಚಿಪ್ಪನ್ನು ಇಡುತ್ತಾರೆ. ಸ್ವಲ್ಪ ಓರೆಯಾಗಿ ಇಟ್ಟರೂ ಕರಗಿದ ಲೋಹದ ಮೇಲ್ಮೈ ಸೆಳೆತವೇ ಅದನ್ನು ನೇರ ಎಳೆದುಕೊಳ್ಳುತ್ತದೆ. ಚಿಮಟದ ತುದಿಯಿಂದ ಮೆಲ್ಲನೆ ತಳ್ಳಿದರೆ ಚಿಪ್ಪು ಸರಿದು ಮತ್ತೆ ತನ್ನ ಸ್ಥಾನಕ್ಕೇ ಮರಳಬೇಕು. ಮರಳಿದರೆ ಬೆಸುಗೆ ಕೂಡಿದೆ ಎಂದರ್ಥ.

ಎಲ್‌ಇಡಿಗೆ ಕರೆಂಟನ್ನು ಅಳೆದು ಕೊಡುವ ‘ಡ್ರೈವರ್’ ಎಂಬ ನಾಣ್ಯದಗಲದ ಫಲಕದಲ್ಲೂ ಇಂಥದೇ ಕೈಚಳಕ. ಎಎಂಸಿ 7135 ಎಂಬ ಪುಟ್ಟ ಬಿಡಿಭಾಗವೊಂದು 350 ಮಿಲಿ ಆಂಪಿಯರ್ ಬಿಡುತ್ತದೆ. ಎಂಟು ಹಾಕಿದರೆ 2.8 ಆಂಪಿಯರ್. ಇನ್ನೂ ಬೇಕೆನ್ನುವವರು ಜಾಗವಿಲ್ಲದಾಗ ಒಂದರ ಬೆನ್ನಿನ ಮೇಲೆ ಇನ್ನೊಂದನ್ನು ಕೂರಿಸಿ ಬೆಸೆಯುತ್ತಾರೆ. ಸೂಕ್ಷ್ಮದರ್ಶಕದ ಕೆಳಗೆ ಕಟ್ಟಿದ ಮಹಡಿ ಮನೆ!

ಇಷ್ಟೆಲ್ಲ ಮಾಡಿದ ಟಾರ್ಚು ಹೊರಗಿನಿಂದ ಹೇಗಿರುತ್ತದೆ? ಮೊದಲಿದ್ದ ಹಾಗೆಯೇ. ಕೊಳ್ಳಲು ಬಂದವನು ‘ಎಷ್ಟು ಲ್ಯೂಮೆನ್?’ ಎಂದಷ್ಟೇ ಕೇಳುತ್ತಾನೆ. ಬಿಡಿಭಾಗಗಳ ಬೆಲೆ ಕೂಡಿಸಿ, ಇಷ್ಟಕ್ಕೆ ಇಷ್ಟೇಕೆ ಎಂದು ಹುಬ್ಬೇರಿಸುತ್ತಾನೆ. ಅಂಗಡಿಯ ಡಬ್ಬಿಯ ಮೇಲಂತೂ ಬಾಯಿಗೆ ಬಂದ ಸಂಖ್ಯೆಗಳು. 2009ರಲ್ಲಿ ಅಮೆರಿಕದಲ್ಲಿ ‘ಎಫ್‌ಎಲ್-1’ ಎಂಬ ಮಾನದಂಡ ರೂಪುಗೊಂಡಿತು. ಬೆಳಕು ಕಾಲು ಲಕ್ಸ್‌ಗೆ, ಅಂದರೆ ಸ್ಥೂಲವಾಗಿ ಹುಣ್ಣಿಮೆಯ ಬೆಳದಿಂಗಳಿನಷ್ಟಕ್ಕೆ ಇಳಿಯುವ ದೂರವನ್ನೇ ಟಾರ್ಚಿನ ‘ದೂರ’ ಎನ್ನಬೇಕೆಂದು ಅದು ಹೇಳುತ್ತದೆ. ದೂರ ಇಮ್ಮಡಿಯಾಗಲು ಕಿರಣದ ತೀವ್ರತೆ ನಾಲ್ಕು ಪಟ್ಟಾಗಬೇಕು. ಆದ್ದರಿಂದಲೇ ರಿಫ್ಲೆಕ್ಟರಿನ ನಾಭಿಯಲ್ಲಿ ಚಿಪ್ಪು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕೂರಿಸಲು ಒಂದಿಡೀ ಸಂಜೆ ಕಳೆಯುವವರಿದ್ದಾರೆ. ಆ ಸಂಜೆಗೆ ಬೆಲೆಪಟ್ಟಿಯಲ್ಲಿ ಜಾಗವಿಲ್ಲ.

ಒಂದು ಎಚ್ಚರಿಕೆ. ಈಗಿನ ಲಿಥಿಯಂ ಅಯಾನ್ ಸೆಲ್ಲುಗಳು ಅಜ್ಜನ ಕಾಲದ ಸಾಧು ಸೆಲ್ಲುಗಳಲ್ಲ. ಹಳೆಯದು ಹೊಸದು ಬೆರೆಸಿ ಸಾಲಾಗಿ ಜೋಡಿಸಿದರೆ, ದುರ್ಬಲವಾದ ಸೆಲ್ಲು ತಿರುಗಿಬಿದ್ದು ಅನಿಲ ಉಗುಳಬಹುದು. ನೀರೂ ನುಸುಳದಂತೆ ಬಿಗಿದ ಲೋಹದ ಕೊಳವೆಯೊಳಗೆ ಹಾಗಾದರೆ ಅದು ಟಾರ್ಚಾಗಿ ಉಳಿಯುವುದಿಲ್ಲ, ಬಾಂಬಾಗುತ್ತದೆ. ಗೊತ್ತಿರುವವರ ಪಕ್ಕದಲ್ಲಿ ಕೂತು ಕಲಿಯಿರಿ.

ನನಗೆ ಚಿಂತೆಯಿರುವುದು ಮತ್ತೊಂದರ ಬಗ್ಗೆ. ನಮ್ಮ ಸಂತೆ, ಬಸ್‌ಸ್ಟ್ಯಾಂಡುಗಳಲ್ಲಿ ಈಗ ಸಿಗುವ ಅಗ್ಗದ ಚಾರ್ಜಿಂಗ್ ಟಾರ್ಚುಗಳನ್ನು ತಿರುಗಿಸಿ ನೋಡಿ. ಎಷ್ಟೋ ಟಾರ್ಚುಗಳಿಗೆ ಥ್ರೆಡ್ಡಿಲ್ಲ, ಸ್ಕ್ರೂ ಇಲ್ಲ, ಅಂಟು ಹಾಕಿ ಮುಚ್ಚಿದ ಪ್ಲಾಸ್ಟಿಕ್ಕು. ಒಳಗಿನ ಬ್ಯಾಟರಿ ಸತ್ತ ದಿನ ಚೆನ್ನಾಗಿರುವ ಎಲ್‌ಇಡಿ, ಸ್ವಿಚ್ಚು ಎಲ್ಲವೂ ಒಟ್ಟಿಗೆ ತಿಪ್ಪೆಗೆ. ಅಜ್ಜನಿಗೆ ಉಜ್ಜಲು ಸ್ಪ್ರಿಂಗೇ ಇಲ್ಲ. ಬಿಚ್ಚಲಾಗದ ವಸ್ತುವಿನ ಮುಂದೆ ಕಸುಬುದಾರನೂ ಗಿರಾಕಿಯೂ ಒಂದೇ. ರಿಪೇರಿಯ ಹಕ್ಕಿನ ಬಗ್ಗೆ ನಮ್ಮ ಕೇಂದ್ರ ಸರ್ಕಾರ 2022ರಲ್ಲಿ ಸಮಿತಿಯೊಂದನ್ನು ನೇಮಿಸಿತು. ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ಬ್ಯಾಟರಿ ನಿಯಮಾವಳಿಯಲ್ಲಿ, ಇಂಥ ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಸುವವನೇ ತೆಗೆದು ಬದಲಿಸುವಂತಿರಬೇಕು ಎಂಬ ಅಂಶಕ್ಕೆ 2027ರ ಫೆಬ್ರುವರಿ 18ರ ಗಡುವು ಗೊತ್ತುಮಾಡಲಾಗಿದೆ. ಆದರೆ ಅದು ಮಾತನಾಡುವುದು ಬ್ಯಾಟರಿಯ ಬಗ್ಗೆ. ಅದರ ಮುಂದಿರುವ ಎಲ್‌ಇಡಿಗೆ, ಡ್ರೈವರಿಗೆ, ಸ್ವಿಚ್ಚಿಗೆ ಹಾಕಿದ ಅಂಟು ಹಾಗೆಯೇ ಉಳಿದಿದೆ.